ಐದನೇ ಭಾಗ ಎಲ್ಲಿದೆ?

ನಮ್ಮ ತಾತನಿಗೆ ಕಣ್ಣಿಗೆ ಪೊರೆ ಬಂದಿರುವುದರಿಂದ ಓದಲು ಆಗುವುದಿಲ್ಲ. ಆದ್ದರಿಂದ ರಾತ್ರಿ ಊಟವಾದ ಮೇಲೆ ನಾನೇ ಓದಿ ಹೇಳುತ್ತೇನೆ. ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದಿದ್ದ ಶಿಕಾರಿ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದಿದ್ದಾರೆ. ಒಟ್ಟು 4 ಭಾಗ. 'ಬೆಳ್ಳಂದೂರಿನ ನರಭಕ್ಷಕ'ದಿಂದ ಶುರು ಮಾಡಿ 'ಮುನಿಶಾಮಿ ಮತ್ತು ಮಾಗಡಿ ಚಿರತೆ'ವರೆಗೆ ಎಲ್ಲಾ ಓದಿ ಮುಗಿಸಿದೆವು. ಮಾಗಡಿ ಅಂದರೆ ನಮ್ಮ ತಾತ ಎತ್ತಿನ ಗಾಡೀಲಿ ಹೋಗುತ್ತಿದ್ದ ಊರು! ಅದಕ್ಕೇ ಚಿರತೆ ನಮ್ಮ ಹಿತ್ತಲಲ್ಲೇ ಕೂತಂತೆ ಆಗುತ್ತಿತ್ತು.

ಮಾರನೇ ದಿನ ತಾತ "ಮುಂದಿಂದು ಓದ್ಲಾ ಮಗ" ಅಂದರು. ಮುಂದಿನದು ಇಲ್ಲವೇ ಇಲ್ಲ. ಆಂಡರ್ಸನ್ 1974ರಲ್ಲಿ, ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಇನ್ನು ಬರೆಯೋರು ಯಾರು?

ಒಂದು ಪತ್ತೇದಾರಿ ಕಾದಂಬರಿ ತಂದೆ. ಕಳ್ಳ ಯಾರು ಅಂತ ಮೊದಲೇ ಗೊತ್ತಾಯಿತು, ತಾತ ಗೊರಕೆ ಹೊಡೆದರು. ತೇಜಸ್ವಿಯವರದೇ 'ಪರಿಸರದ ಕತೆ' ತಂದೆ. ಕಿವಿ ಎಂಬ ನಾಯಿಯ ಕಥೆಗೆ ಇಬ್ಬರೂ ನಕ್ಕೆವು. ಆದರೂ ತಾತ "ಹುಲಿ ಯಾವಾಗ್ ಬತ್ತದ್ಲಾ?" ಅಂತ ಕೇಳುತ್ತಲೇ ಇದ್ದರು. ಮೊದಲನೇ ಭಾಗವನ್ನೇ ಮತ್ತೆ ತೆಗೆದರೆ "ಸಾಯೋದು ಗೊತ್ತಿರೋ ಹುಲಿಗೆ ಯಾರ್ಲಾ ಹೆದರ್ತಾರೆ?" ಅಂದರು. ಈಗ ತಾತ ಬೇಗ ಮಲಗಿಬಿಡುತ್ತಾರೆ. ದೀಪ ಆರಿಸಿದ ಮೇಲೆ ನನಗೆ ನಿದ್ದೇನೇ ಬರಲ್ಲ.

ಗೆಳೆಯ ಗೆಳತಿಯರೇ, ನಿಮಗೆ ಗೊತ್ತಿರುವ ಒಳ್ಳೆಯ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಈ ಗೋಡೆ ಪತ್ರಿಕೆಯ ಕೆಳಗೆ ಅಂಟಿಸಿ. ಹುಲಿ ಇಲ್ಲದಿದ್ದರೂ ಪರವಾಗಿಲ್ಲ. ತಾತ "ಇನ್ನೊಂದು ಪುಟ ಓದು" ಅನ್ನಬೇಕು, ಅಷ್ಟೇ.