ಉಮ್ಮನ ಮನೆಗೊಂದು ಪುಟ್ಟ ಕಂಪ್ಯೂಟರ್



ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂದು ವಯಸ್ಸಾದ ತಾಯಂದಿರು ಒಂಟಿಯಾಗಿದ್ದಾರೆ. ಗಂಡುಮಕ್ಕಳು ಗಲ್ಫ್‌ನಲ್ಲಿ, ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ. ಮನೆ ದೊಡ್ಡದು, ಇರುವುದು ಒಂದು ಜೀವ. ರಾತ್ರಿ ಬಚ್ಚಲಿಗೆ ಹೋಗುವಾಗ ಕಾಲು ಜಾರಿದರೆ ಬೆಳಿಗ್ಗೆ ಕೆಲಸದವಳು ಬರುವವರೆಗೆ ಯಾರಿಗೂ ತಿಳಿಯದು. ಈ ಆತಂಕ ನಿಮ್ಮಲ್ಲೂ ಹಲವರಿಗೆ ಇದ್ದೀತು. ನನಗಂತೂ ಉಮ್ಮ ಒಂಟಿಯಾದ ದಿನದಿಂದ ಇತ್ತು.

ದುಬೈಯಲ್ಲಿರುವ ನನ್ನ ತಮ್ಮ ಇದಕ್ಕೆ ಕಂಡುಕೊಂಡ ಪರಿಹಾರ ಕ್ಯಾಮರಾ. ಉಮ್ಮನ ಕೋಣೆಯಲ್ಲೊಂದು, ಅಡುಗೆಮನೆಯಲ್ಲೊಂದು. ಅಲ್ಲಿಂದಲೇ ಮೊಬೈಲಿನಲ್ಲಿ ನೋಡಬಹುದು ಎಂದ. ಅವನ ಕಾಳಜಿಯಲ್ಲಿ ಕೊರತೆಯಿರಲಿಲ್ಲ. ಆದರೆ ಉಮ್ಮ ಖಡಾಖಂಡಿತವಾಗಿ ಬೇಡವೆಂದರು. "ಮನೆಯೊಳಗೆ ತಲೆಬಟ್ಟೆ ತೆಗೆದು ಕೂರುವವಳು ನಾನು. ನನ್ನ ಮೇಲೆ ಕಣ್ಣಿಡಬೇಡಿ. ನಾನು ಎದ್ದು ಓಡಾಡುತ್ತಿದ್ದೇನೆ ಎಂದು ಗೊತ್ತಾದರೆ ನಿಮಗೆ ಸಾಲದೇ ಮಗಳೇ?" ಎಂದು ನನ್ನಲ್ಲಿ ಕೇಳಿದರು.

ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ವೇಳೆ, ಇಶಾದ ನಂತರ, ಹೀಗೆ ಮೂರು ಹೊತ್ತಿನಲ್ಲಿ ಮನೆಯ ಚಿಕ್ಕ ಮಕ್ಕಳೂ ಅನುಮತಿ ಕೇಳಿಯೇ ಒಳಗೆ ಬರಬೇಕೆಂದು ಸೂರಃ ಅನ್ನೂರ್ ಕಲಿಸುತ್ತದೆ. ಮದ್ರಸದಲ್ಲಿ ಪ್ರತಿವರ್ಷ ಇದನ್ನು ಮಕ್ಕಳಿಗೆ ಹೇಳಿಕೊಡುವ ನಾನು, ಯಾವ ಹೊತ್ತಿನಲ್ಲೂ ಅನುಮತಿ ಕೇಳದ ಕ್ಯಾಮರಾವನ್ನು ಉಮ್ಮನ ಕೋಣೆಯಲ್ಲಿಡಲು ಹೇಗೆ ಒಪ್ಪಲಿ? ಪಿಯುಸಿ ವಿಜ್ಞಾನ ಓದುತ್ತಿದ್ದ ನನ್ನ ಮಗಳು ಇನ್ನೊಂದು ದಾರಿ ಹುಡುಕಿದಳು. ಅದರ ಹೆಸರು ಹೋಮ್ ಅಸಿಸ್ಟೆಂಟ್.

ಇದು ಮನೆಯ ದೀಪ, ಫ್ಯಾನು, ಪಂಪು, ಬಾಗಿಲಿನ ಸೆನ್ಸರ್ ಮುಂತಾದವನ್ನು ಒಂದೇ ಕಡೆ ಸೇರಿಸುವ ಉಚಿತ ಸಾಫ್ಟ್‌ವೇರ್. ಪೌಲಸ್ ಸ್ಕೌಟ್ಸೆನ್ ಎಂಬವರು 2013ರಲ್ಲಿ ಆರಂಭಿಸಿದ್ದು. 2024ರಿಂದ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಆಶ್ರಯದಲ್ಲಿದೆ. ಅಂಗಡಿಯಲ್ಲಿ ಸಿಗುವ ಅನೇಕ ಸ್ಮಾರ್ಟ್ ಬಲ್ಬುಗಳು ನೀವು ಎಷ್ಟು ಗಂಟೆಗೆ ದೀಪ ಹಾಕಿದಿರಿ ಎಂಬುದನ್ನು ಯಾವುದೋ ದೇಶದಲ್ಲಿರುವ ಕಂಪನಿಯ ಕಂಪ್ಯೂಟರಿಗೆ ತಿಳಿಸಿ, ಅಲ್ಲಿಂದ ಅಪ್ಪಣೆ ಪಡೆದು ಉರಿಯುತ್ತವೆ. ಇದು ಹಾಗಲ್ಲ. ಇದು ನಿಮ್ಮ ಮನೆಯ ಕಂಪ್ಯೂಟರಿನಲ್ಲೇ ಕೂತು ಕೆಲಸ ಮಾಡುತ್ತದೆ. ಉಮ್ಮ ರಾತ್ರಿ ಎಷ್ಟು ಸಲ ಎದ್ದರೆಂಬ ಲೆಕ್ಕ ಉಮ್ಮನ ಮನೆಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಕಂಪ್ಯೂಟರ್ ಎಂದಾಗ ದೊಡ್ಡ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಬೇಡಿ. ನಾವು ತಂದದ್ದು ರಾಸ್ಪ್‌ಬೆರಿ ಪೈ 5. ಅಂಗೈಯಗಲದ ಒಂದೇ ಹಲಗೆ. 2023ರಲ್ಲಿ ಬಂದದ್ದು, ಹಿಂದಿನ ಪೈ 4ಕ್ಕಿಂತ ಎರಡು ಮೂರು ಪಟ್ಟು ವೇಗದ್ದು. ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ಪೈ 4 ಕೂಡ ಸಾಕು. ಯಾರ ಮನೆಯಲ್ಲಾದರೂ ಅದು ಸುಮ್ಮನೆ ಬಿದ್ದಿದ್ದರೆ ಹೊಸದಕ್ಕೆ ದುಡ್ಡು ಸುರಿಯಬೇಡಿ. ಮೆಮೊರಿ ಚಿಪ್ಪುಗಳು ದುಬಾರಿಯಾದ ಕಾರಣ 2025ರ ಡಿಸೆಂಬರಿನಲ್ಲಿ ಪೈ 5ರ ಬೆಲೆಯೂ ಏರಿತು. 8 ಜಿಬಿಯ ಆಸೆಗೆ ಬೀಳುವುದು ಬೇಡ, 2 ಜಿಬಿಯದ್ದೇ ಧಾರಾಳ. ಹಣ ಉಳಿಸಬಾರದ ಜಾಗ ಬೇರೆ ಇದೆ. ಪೈ 5 ಬಿಸಿಯಾಗುವುದು ಹೆಚ್ಚು, ಆದ್ದರಿಂದ ಅದರ ಪುಟ್ಟ ಫ್ಯಾನು ಬೇಕು. 5 ವೋಲ್ಟ್ 5 ಆಂಪಿಯರಿನ ಅದರದ್ದೇ ಚಾರ್ಜರ್ ಬೇಕು. ಮೊಬೈಲಿನ ಹಳೆಯ ಚಾರ್ಜರ್ ಹಾಕಿದರೆ ಯುಎಸ್‌ಬಿ ಕಿಂಡಿಗಳಿಗೆ ಸಾಕಷ್ಟು ವಿದ್ಯುತ್ ಸಿಗುವುದಿಲ್ಲ. ಮೆಮೊರಿ ಕಾರ್ಡ್ 32 ಜಿಬಿಯದ್ದು, ಎ2 ಎಂಬ ಗುರುತಿರುವುದು ಒಳ್ಳೆಯದು. ಪದೇ ಪದೇ ಕರೆಂಟು ಹೋದರೆ ಕಾರ್ಡು ಕೆಡುವ ಸಂಭವ ಇರುವುದರಿಂದ ಪೈಯನ್ನೂ ಇಂಟರ್ನೆಟ್ಟಿನ ರೌಟರನ್ನೂ ಇನ್ವರ್ಟರಿನ ಪ್ಲಗ್ಗಿಗೇ ಹಾಕಿದೆವು.

"ಬಿ.ಎ. ಓದಿದ ಉಸ್ತಾದಿಗೆ ಇದೆಲ್ಲ ಆಗುತ್ತದೆಯೇ?" ಎಂದು ನಕ್ಕವರಿದ್ದಾರೆ. ಸಹೋದರಿಯರೇ, ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವ ಕೈಗೆ ಇದು ಕಷ್ಟವಲ್ಲ. ಲ್ಯಾಪ್‌ಟಾಪಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಉಚಿತ ಪ್ರೋಗ್ರಾಂ ತೆರೆದು ಪೈ 5 ಎಂದು ಆರಿಸಿದೆವು. ಬಳಿಕ ಹೋಮ್ ಆಟೋಮೇಷನ್ ವಿಭಾಗದಲ್ಲಿ ಹೋಮ್ ಅಸಿಸ್ಟೆಂಟನ್ನು ಆರಿಸಿ ಕಾರ್ಡಿಗೆ ಬರೆಸಿದೆವು. ಪೈ 4ಕ್ಕೆ ಬರೆದ ಕಾರ್ಡು ಪೈ 5ರಲ್ಲಿ ನಡೆಯುವುದಿಲ್ಲ. ಮಾದರಿಯನ್ನು ಸರಿಯಾಗಿ ಆರಿಸುವುದೇ ಇಲ್ಲಿ ಮುಖ್ಯ. ಕಾರ್ಡನ್ನು ಪೈಗೆ ಸಿಕ್ಕಿಸಿ, ರೌಟರಿನಿಂದ ಕೇಬಲ್ ಎಳೆದು, ಕರೆಂಟು ಕೊಟ್ಟೆವು. ಮೊದಲ ಸಲ ಸಿದ್ಧವಾಗಲು ಇಪ್ಪತ್ತು ನಿಮಿಷದವರೆಗೂ ಹಿಡಿಯಬಹುದು. ಉಮ್ಮ ಅಷ್ಟರಲ್ಲಿ ಚಹಾ ಮಾಡಿದರು. ಆಮೇಲೆ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಹೋಮ್‌ಅಸಿಸ್ಟೆಂಟ್ ಡಾಟ್ ಲೋಕಲ್, ಕೋಲನ್, 8123 ಎಂದು ಬರೆದಾಗ ಪರದೆ ತೆರೆದುಕೊಂಡಿತು. ಹೆಸರು, ಪಾಸ್‌ವರ್ಡ್, ನಕಾಶೆಯಲ್ಲಿ ಮನೆಯ ಜಾಗ ಕೊಟ್ಟರೆ ಮುಗಿಯಿತು.

ನಂತರ ಜಿಗ್‌ಬೀ ಎಂಬ ಪುಟ್ಟ ರೇಡಿಯೋ ಕಡ್ಡಿಯನ್ನು ಸೇರಿಸಬೇಕು. ಸೆನ್ಸರುಗಳು ಮಾತಾಡುವುದು ಇದರ ಮೂಲಕ. ಪೈಯ ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗಳು ಈ ರೇಡಿಯೋಗೆ ಅಡ್ಡಿ ಮಾಡುತ್ತವೆ. ಕಪ್ಪು ಕಿಂಡಿಗೆ, ಅದೂ ಒಂದು ಉದ್ದ ವಯರಿನ ತುದಿಗೆ ಸಿಕ್ಕಿಸಿ ದೂರ ಇಟ್ಟರೆ ಸರಿಯಾಗಿ ಕೇಳಿಸಿಕೊಳ್ಳುತ್ತದೆ. ಬಚ್ಚಲಿನ ದಾರಿಯಲ್ಲೊಂದು, ಅಡುಗೆಮನೆಯಲ್ಲೊಂದು ಚಲನೆ ತಿಳಿಯುವ ಸೆನ್ಸರ್ ಅಂಟಿಸಿದೆವು. ಇವು ಚಿತ್ರ ತೆಗೆಯುವುದಿಲ್ಲ, ಮಾತು ಕೇಳುವುದಿಲ್ಲ. ಯಾರೋ ಹಾದುಹೋದರು ಎಂದಷ್ಟೇ ಹೇಳುತ್ತವೆ. ಉಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ನನ್ನಿಂದ ಎರಡು ಸಲ ಹೇಳಿಸಿಕೊಂಡ ಮೇಲೆಯೇ ಗೋಡೆಗೆ ಅಂಟಿಸಲು ಬಿಟ್ಟರು.

ಇದರಲ್ಲಿ ನಮಾಝಿನ ವೇಳೆಯನ್ನು ಲೆಕ್ಕಹಾಕುವ ಸೌಲಭ್ಯವೂ ಇದೆ. ಅಸರ್‌ಗೆ ಶಾಫಿ ಅಥವಾ ಹನಫಿ ಎಂದು ಆರಿಸುವ ಅವಕಾಶವನ್ನೂ ಇಟ್ಟಿದ್ದಾರೆ, ಮಾಶಾ ಅಲ್ಲಾಹ್! ನಮಾಝಿಗೆ ನಮಗೆ ಮಸೀದಿಯ ಅಝಾನೇ ಸಾಕು. ಆದರೆ ದೀಪಕ್ಕೆ ಇದು ಉಪಕಾರಿ. ಇಶಾದಿಂದ ಫಜ್ರ್‌ವರೆಗೆ ಉಮ್ಮ ಕೋಣೆಯಿಂದ ಹೊರಬಂದರೆ ಬಚ್ಚಲಿನ ದಾರಿಯ ದೀಪ ಮಂದವಾಗಿ ಉರಿಯುತ್ತದೆ. ಫಜ್ರ್ ಆಗಿ ಎರಡು ಗಂಟೆಯಾದರೂ ಅಡುಗೆಮನೆಯಲ್ಲಿ ಚಲನೆಯಿಲ್ಲದಿದ್ದರೆ ನನಗೂ ತಮ್ಮನಿಗೂ ಮೊಬೈಲಿನಲ್ಲಿ ಸಂದೇಶ ಬರುತ್ತದೆ. ಇಷ್ಟೇ ನಮ್ಮ ಏರ್ಪಾಡು. ಪರದೆ ತಾನೇ ಸರಿಯುವುದು, ಹೇಳಿದ ಮಾತಿಗೆ ಫ್ಯಾನು ತಿರುಗುವುದು, ಇವೆಲ್ಲ ಉಮ್ಮನಿಗೆ ಬೇಡ. ಗೋಡೆಯ ಹಳೆಯ ಸ್ವಿಚ್ಚುಗಳು ಎಂದಿನಂತೆ ಕೆಲಸ ಮಾಡಬೇಕೆಂಬುದು ಅವರ ಶರತ್ತು. ಎಲೆಕ್ಟ್ರಿಷಿಯನ್ ಹಾಗೆಯೇ ಮಾಡಿಕೊಟ್ಟರು.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮದ್ರಸದಲ್ಲಿ ಪಾಠ ಮಾಡುತ್ತಿರುವಾಗ ಆ ಸಂದೇಶ ಬಂತು. ಫೋನು ಮಾಡಿದೆ, ಉಮ್ಮ ಎತ್ತಲಿಲ್ಲ. ನೆರೆಮನೆಯ ಆಯಿಷಮ್ಮನಲ್ಲಿ ಒಂದು ಬೀಗದ ಕೈ ಕೊಟ್ಟಿಟ್ಟಿದ್ದೆವು. ಅವರು ಹೋಗಿ ನೋಡಿದರೆ ಉಮ್ಮ ಜ್ವರದಲ್ಲಿ ಬೆಂಕಿಯಂತಾಗಿ ಹಾಸಿಗೆಯಲ್ಲೇ ಇದ್ದರು. ಎದ್ದು ಫೋನು ತೆಗೆಯುವ ತ್ರಾಣವೂ ಇರಲಿಲ್ಲ. ಹತ್ತು ಗಂಟೆಯೊಳಗೆ ಡಾಕ್ಟರರ ಬಳಿಗೆ ಒಯ್ದೆವು. ಅಲ್‌ಹಮ್ದುಲಿಲ್ಲಾಹ್, ಮೂರು ದಿನಗಳಲ್ಲಿ ಚೇತರಿಸಿಕೊಂಡರು. ಯಂತ್ರ ಅಂದು ತಿಳಿಸಿದ್ದು ಅಡುಗೆಮನೆಯ ಮೌನವನ್ನು ಮಾತ್ರ. ಬಾಗಿಲು ತೆರೆದು ಒಳಗೆ ಹೋಗಲು ಆಯಿಷಮ್ಮನೇ ಬೇಕಾಯಿತು. ನೀವು ಸೆನ್ಸರ್ ಹಾಕಿಸುವುದಾದರೆ ಅದಕ್ಕೂ ಮೊದಲು ನೆರೆಮನೆಗೆ ಒಂದು ಕೀ ಕೊಡಿ. ಗಾಳಿಮಳೆಗೆ ಇಂಟರ್ನೆಟ್ ಕಡಿದರೆ ಮನೆಯ ದೀಪ ಎಂದಿನಂತೆ ಉರಿಯುತ್ತದೆ, ಸಂದೇಶ ಮಾತ್ರ ನಮಗೆ ತಲುಪುವುದಿಲ್ಲ. ಅಂಥ ದಿನಗಳಲ್ಲಿ ನಾನು ಫಜ್ರ್ ಮುಗಿದೊಡನೆ ಫೋನು ಮಾಡುತ್ತೇನೆ.

ತಮ್ಮ ಈಗ ಕ್ಯಾಮರಾದ ಮಾತೆತ್ತುವುದಿಲ್ಲ. ಉಮ್ಮನ ದೂರು ಮಾತ್ರ ಒಂದಿದೆ: ನಡುರಾತ್ರಿ ಬೆಕ್ಕು ಹಾದುಹೋದರೂ ದೀಪ ಹತ್ತುತ್ತದೆಯಂತೆ. ಮುಂದಿನ ವಾರ ಹೋದಾಗ ಸೆನ್ಸರನ್ನು ಸ್ವಲ್ಪ ಮೇಲಕ್ಕೆ ಅಂಟಿಸಬೇಕು. ಇನ್ನೊಂದು ಮಾತು. ಹೋಮ್ ಅಸಿಸ್ಟೆಂಟ್ ತನ್ನ ಬ್ಯಾಕಪ್ಪಿಗೆ ಒಂದು ಉದ್ದನೆಯ ಗುಪ್ತ ಕೀ ಕೊಡುತ್ತದೆ. ಕಾರ್ಡು ಕೆಟ್ಟ ದಿನ ಅದಿಲ್ಲದೆ ಬ್ಯಾಕಪ್ ತೆರೆಯದು. ಮಗಳು ಅದನ್ನು ಕಾಗದದಲ್ಲಿ ಬರೆದುಕೊಟ್ಟಳು. ಆ ಕಾಗದ ಉಮ್ಮನ ಕಪಾಟಿನಲ್ಲಿ, ಮನೆಯ ದಾಖಲೆಪತ್ರಗಳ ಜೊತೆಗಿದೆ.