ದೇವಾಲದ ಚಿನ್ನ, ಮುದುಮಲೆಯ ಆನೆ

ಕಳೆದ ಮಾಗಿಯಲ್ಲಿ ನಾವು ಮಡದಿಯೊಡನೆ ಸುಲ್ತಾನ್ ಬತ್ತೇರಿಯ ನೆಂಟರ ಮನೆಯಿಂದ ಪಂದಲೂರು, ದೇವಾಲ ಮಾರ್ಗವಾಗಿ ಮುದುಮಲೆ ರಾಷ್ಟ್ರೀಯ ಉದ್ಯಾನ ನೋಡಲು ಹೊರಟೆವು. ದೇವಾಲದಲ್ಲಿ ಚಹಾ ತೋಟದಂಚಿಗೆ ಹಳೆಯ ಚಿನ್ನದ ಗಣಿಯ ಬಾಯಿ ಕಂಡೆವು. 1880ರ ಸುಮಾರಿಗೆ ಇಲ್ಲಿನ ಚಿನ್ನವನ್ನು ನಂಬಿ ಇಂಗ್ಲೆಂಡಿನ ಜನ ಲಕ್ಷಗಟ್ಟಲೆ ಪೌಂಡು ಷೇರಿಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ಎಲ್ಲವೂ ಮುಳುಗಿತು.

ನಾವೂ ಹಿಂದೊಮ್ಮೆ ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಷೇರಿನಲ್ಲಿ ಕಳೆದವರೇ. ಮಡದಿ ಆಗ ಏನೂ ಅನ್ನದೆ ತನ್ನ ಬಳೆ ಬಿಚ್ಚಿಕೊಟ್ಟಿದ್ದಳು. ಆ ಗಣಿಯ ಮುಂದೆ ನಮಗೆ ಮಾತೇ ಹೊರಡಲಿಲ್ಲ.

ಗೂಡಲೂರು ದಾಟಿ, ಸಂಜೆ ತೆಪ್ಪಕ್ಕಾಡಿನ ಶಿಬಿರದಲ್ಲಿ ಆನೆಗಳು ಮಾವುತರ ಕೈಯಿಂದ ರಾಗಿ, ಹುರುಳಿಯ ಮುದ್ದೆ ತಿಂದು ಶಾಂತವಾಗಿ ಹಿಂದಿರುಗಿದವು.

"ನೋಡಿ, ಅಷ್ಟು ದೊಡ್ಡ ಹೊಟ್ಟೆ. ಆದರೂ ನಾಳೆಗೆಂದು ಒಂದು ಮುದ್ದೆಯನ್ನೂ ಬಚ್ಚಿಡಲಿಲ್ಲ" ಎಂದಳು ಮಡದಿ.

ಇಷ್ಟು ವರ್ಷಗಳಲ್ಲಿ ಆ ಹಣದ ಬಗ್ಗೆ ಅವಳು ಆಡಿದ್ದು ಅದೊಂದೇ ಮಾತು.