ಗೋಳದ ಮೇಲೊಂದು ದಾರ

ಜಯನಗರ, ಬನಶಂಕರಿಯ ಎಷ್ಟೋ ಮನೆಗಳ ಮಕ್ಕಳು ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅಮೆರಿಕ ಎಲ್ಲಿದೆ ಎಂದರೆ ಅಜ್ಜ ಗೋಡೆಯ ಭೂಪಟದಲ್ಲಿ ಪಶ್ಚಿಮಕ್ಕೆ ಬೆರಳೆಳೆಯುತ್ತಾರೆ. ಭೂಪಟ ಚಪ್ಪಟೆ, ತಪ್ಪು ಅಜ್ಜನದಲ್ಲ!

30 ಸೆಂ.ಮೀ. ವ್ಯಾಸದ ಗೋಳ ತೆಗೆದುಕೊಂಡು ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ದಾರ ಬಿಗಿಯಿರಿ. ಅದು ಉತ್ತರದತ್ತ ಏರಿ ಹಿಮಾಲಯ, ಚೀನಾ, ಸೈಬೀರಿಯಾ ಹಾಯ್ದು, 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲಾಸ್ಕದ ಮೇಲೆ ಇಳಿಯುತ್ತದೆ. ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶದಲ್ಲಿರುವುದೇ ಇದಕ್ಕೆ ಕಾರಣ. ದಾರದ ಉದ್ದ ಸುಮಾರು 33 ಸೆಂ.ಮೀ.; ಸೆಂಟಿಮೀಟರಿಗೆ 425 ಕಿ.ಮೀ.ಯಂತೆ 14,000 ಕಿ.ಮೀ.

ವಿಮಾನ ಸದಾ ದಾರದಂತೆಯೇ ಹೋಗುವುದಿಲ್ಲ, ಗಾಳಿಯನ್ನೂ ನೋಡಬೇಕು. 2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಪೈಲಟ್‌ಗಳೆಲ್ಲ ಮಹಿಳೆಯರು. ಹಾರಿದ್ದು 17 ಗಂಟೆ. ಆದರೆ ಬೆಂಗಳೂರಿಗಿಳಿದಾಗ 11ರ ನಸುಕು. ಗಡಿಯಾರಗಳ ಹದಿಮೂರೂವರೆ ಗಂಟೆಯ ಅಂತರ ನಡುವಿನ ದಿನವನ್ನು ನುಂಗಿತ್ತು.

ಜಯನಗರದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಸುಮಾರು 40 ಕಿ.ಮೀ. ಸಂಜೆಯ ದಟ್ಟಣೆಯಲ್ಲಿ ಎರಡು ಗಂಟೆ ಹಿಡಿದೀತು. ಬೀಳ್ಕೊಟ್ಟವರು ಮನೆಗೆ ಮರಳುವಷ್ಟರಲ್ಲಿ, ದಾರದ ಹಾದಿ ಹಿಡಿದ ವಿಮಾನ ಹಿಮಾಲಯದ ಬುಡದಲ್ಲಿರುತ್ತದೆ.